ಕೇಳಿ ಬರೆದ ಬ್ಯಾನರುಗಳು

ಸಂಡೂರಿಗೆ ಹೋಗುವ ಬ್ಯಾನರಿಗೆ ಬಿಳಿ ಬಣ್ಣ ಹಚ್ಚಬಾರದು ಎಂಬುದು ನಮ್ಮ ಮನೆಯ ಕಾನೂನಾಗಿತ್ತು. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಆ ವರ್ಷಗಳಲ್ಲಿ ಸಂಡೂರಿನ ಗಾಳಿಯೇ ಕೆಂಪು. ಅಪ್ಪ ಬರೆದ ನಾಯಕಿಯ ಹಲ್ಲು ಮೂರನೆಯ ದಿನಕ್ಕೆ ಎಲೆಯಡಿಕೆ ಜಗಿದವಳ ಹಲ್ಲಾಗಿಬಿಡುತ್ತಿತ್ತು. ಹಾಗಾಗಿ ಸಂಡೂರಿನ ಬ್ಯಾನರುಗಳಲ್ಲಿ ಯಾರೂ ನಗುತ್ತಿರಲಿಲ್ಲ. ಹೊಸಪೇಟೆಯಲ್ಲಿ ನಗುತ್ತಿದ್ದವರೇ ಅಲ್ಲಿ ಬಾಯಿ ಬಿಗಿದುಕೊಂಡು ಸಿಟ್ಟಿನಿಂದ ನೋಡುತ್ತಿದ್ದರು.

ಅಪ್ಪ ಟಾಕೀಸುಗಳ ಮುಂದೆ ಕಟ್ಟುವ ದೊಡ್ಡ ಬಟ್ಟೆ ಬ್ಯಾನರುಗಳನ್ನು ಬರೆಯುತ್ತಿದ್ದ. ಹೊಸಪೇಟೆಗೆ ಅಂಟಿಕೊಂಡ ಚಿತ್ತವಾಡ್ಗಿಯಲ್ಲಿ ನಮ್ಮ ಮನೆಯ ಹಿಂದಿನ ಗೋಡೆಗೆ ಬಟ್ಟೆ ಬಿಗಿದು, ಸೀಮೆಸುಣ್ಣದಲ್ಲಿ ಚೌಕ ಗೆರೆ ಹಾಕಿ, ಏಣಿ ಹತ್ತಿ ಬರೆಯುವುದು. ವಾರ ಕಳೆದ ಮೇಲೆ ಅದೇ ಬಟ್ಟೆ ವಾಪಸ್ಸು ಬರುತ್ತಿತ್ತು, ಅದರ ಮೇಲೆಯೇ ಬಣ್ಣ ಬಳಿದು ಮುಚ್ಚಿ ಮುಂದಿನ ಸಿನಿಮಾ ಬರೆಯುತ್ತಿದ್ದ. ಒಂದೊಂದು ಬಟ್ಟೆಯೊಳಗೆ ಮೂವತ್ತು ನಲವತ್ತು ಸಿನಿಮಾಗಳು ಸೇರಿಕೊಂಡು, ಎತ್ತಿದರೆ ಬಟ್ಟೆ ಬಾಗಿಲಿನಷ್ಟು ಭಾರವಾಗಿರುತ್ತಿತ್ತು. ಅಪ್ಪ ಹೆಸರು ಮಾಡಿದ್ದು ಕಣ್ಣು ಬರೆಯುವುದರಲ್ಲಿ. ಕಣ್ಣು ಬರೆಯುವ ದಿನ ಯಾರೊಂದಿಗೂ ಮಾತಿಲ್ಲ, ಚಹಾ ಇಟ್ಟರೆ ಆರಿ ಕೆನೆಗಟ್ಟುತ್ತಿತ್ತು.

ಗಣಿಯ ದುಡ್ಡು ಊರಿಗೆ ಬಂದದ್ದೇ ಫ್ಲೆಕ್ಸ್ ಬಂತು. ನಾಮಕರಣಕ್ಕೂ ಫ್ಲೆಕ್ಸ್, ಹೊಸ ಲಾರಿ ಕೊಂಡರೂ ಫ್ಲೆಕ್ಸ್. ಕನ್ನಡ, ತೆಲುಗು ಸಿನಿಮಾಗಳ ಬ್ಯಾನರುಗಳೆಲ್ಲ ಒಂದೇ ವರ್ಷದಲ್ಲಿ ಅಪ್ಪನ ಕೈಬಿಟ್ಟು ಹೋದವು. ಉಳಿದದ್ದು ಬೆಳಗಿನ ಆಟದ ವಿದೇಶಿ ಸಿನಿಮಾ ಮಾತ್ರ, ಅದೂ ಅಪ್ಪನ ಮೇಲಿನ ಪ್ರೀತಿಗಲ್ಲ. ಆ ಹಳೆಯ ಪ್ರಿಂಟುಗಳು ತಗಡಿನ ಡಬ್ಬಿಯಲ್ಲಿ ಬರುತ್ತಿದ್ದವು, ಜೊತೆಗೆ ಒಂದು ಪೋಸ್ಟರೂ ಫೋಟೋವೂ ಇರುತ್ತಿರಲಿಲ್ಲ. ಫೋಟೋ ಇಲ್ಲದೆ ಫ್ಲೆಕ್ಸ್ ಆಗುವುದಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿ ಮೂರೂ ಕಡೆ ಟಾಕೀಸು ನಡೆಸುತ್ತಿದ್ದವರು ಒಬ್ಬರೇ ಸೌಕಾರರು, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟವರು. ಅವರು ಒಮ್ಮೆ ಅಪ್ಪನ ಮುಖದ ಮೇಲೆಯೇ ಹೇಳಿದರು: "ಆರ್ಟಿಸ್ಟ್ರ, ಫೋಟೋ ಸಿಗೂತನಕ ನೀವು ಇರ್ತೀರಿ ನೋಡ್ರಿ." ಅಪ್ಪ ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ಫೋಟೋ ಇಲ್ಲದ ಸಿನಿಮಾಕ್ಕೆ ಚಿತ್ರ ಬರೆಯುವುದು ಹೇಗೆ? ಅಲ್ಲಿ ನನ್ನ ಕೆಲಸ. ನನಗಾಗ ಇಪ್ಪತ್ತಮೂರು, ಡಿಗ್ರಿ ಮುಗಿದಿತ್ತು, ಇಂಗ್ಲಿಷ್ ಅಷ್ಟಿಷ್ಟು ತಿಳಿಯುತ್ತಿತ್ತು. ಬೆಳಗಿನ ಆಟಕ್ಕೆ ಹೆಣ್ಣುಮಕ್ಕಳು ಹೋಗುವ ಪದ್ಧತಿ ಇರಲಿಲ್ಲ. ಆದರೆ ಗುರುವಾರ ಹೊಸಪೇಟೆಯ ಟಾಕೀಸಿನಲ್ಲಿ ಪ್ರಿಂಟ್ ಸರಿಯಾಗಿದೆಯೇ ಎಂದು ಓಡಿಸಿ ನೋಡುವಾಗ, ಆಪರೇಟರ್ ಕೋಣೆಯ ಸಣ್ಣ ಕಿಂಡಿಯಿಂದ ನಾನು ಪೂರ್ತಿ ಸಿನಿಮಾ ನೋಡುತ್ತಿದ್ದೆ. ಮನೆಗೆ ಬಂದು ಅಪ್ಪನಿಗೆ ಕಥೆ ಹೇಳುತ್ತಿದ್ದೆ. ಅಪ್ಪ ಬಣ್ಣ ಕಲಸುತ್ತಾ ಕೇಳುತ್ತಿದ್ದ, ನಡುನಡುವೆ ಪ್ರಶ್ನೆ.

"ಆಕಿ ಮೂಗು ಹೆಂಗೈತಿ?"

"ಮೂಲಿಮನಿ ಟೀಚರಮ್ಮನ ಮೂಗು ಐತಲ್ಲ, ಹಂಗ."

ಹೀಗೆ ಪರದೇಶದ ಎಷ್ಟೋ ಸುಂದರಿಯರಿಗೆ ಚಿತ್ತವಾಡ್ಗಿಯ ಮೂಗು ಬಂತು. ನೀನೇ ಒಮ್ಮೆ ಬಂದು ನೋಡಬಾರದೇ ಎಂದರೆ ಅಪ್ಪ ಒಪ್ಪುತ್ತಿರಲಿಲ್ಲ. ತನಗೆ ಆ ಮಾತು ತಿಳಿಯುವುದಿಲ್ಲ, ಮಗಳು ನೋಡಿದರೆ ತಾನು ನೋಡಿದಂತೆಯೇ ಎನ್ನುತ್ತಿದ್ದ. ಈ ಮಾತು ಮುಂದೆ ನನ್ನನ್ನು ಬಹಳ ಕಾಡಿತು.

ಹೆಸರು ಇಡುವುದೂ ನನ್ನ ಪಾಲಿಗೇ ಬಂತು. ಮೂಲ ಹೆಸರನ್ನು ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ ಬರೆದು, ಮೇಲೆ ನಮ್ಮ ಹೆಸರು ಹಾಕುತ್ತಿದ್ದೆವು. ಹೊಸಪೇಟೆಗೆ ಕನ್ನಡದಲ್ಲಿ ಒಂದು ಹೆಸರು. ಸಂಡೂರಿನಲ್ಲಿ ಗಣಿ ಕೆಲಸಕ್ಕೆ ಬಂದ ಉತ್ತರ ಭಾರತದವರು ತುಂಬಿದ್ದರಿಂದ ಅಲ್ಲಿಗೆ ಹಿಂದಿ ಹೆಸರು. ಕಂಪ್ಲಿಯಲ್ಲಿ ತೆಲುಗು ಹೆಸರಿದ್ದರೇ ಜನ ಬರುವುದು. ಚಿತ್ರವೂ ಬೇರೆ ಬೇರೆ. ಹೊಸಪೇಟೆಗೆ ನಾಯಕಿ, ಸಂಡೂರಿಗೆ ಹೊಡೆದಾಟ, ಕಂಪ್ಲಿಗೆ ಒಂದು ಮಗು ಅಥವಾ ಹಾವು. ಸಿನಿಮಾದಲ್ಲಿ ಹಾವು ಇಲ್ಲದಿದ್ದರೆ ಹಗ್ಗವನ್ನಾದರೂ ಹಾವಿನ ಹಾಗೆ ಬರೆಯುವುದು. ಒಂದೇ ಪ್ರಿಂಟು ಊರಿಗೊಂದು ವಾರದಂತೆ ಓಡುತ್ತಿತ್ತು. ಮೂರು ಊರಿಗೂ ಬ್ಯಾನರು ಹೊತ್ತು ಬಸ್ಸು ಹತ್ತಿ ಇಳಿಯುವವಳೂ ನಾನೇ. ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು ಎಂದು ಅವ್ವ ಬೈಯುತ್ತಿದ್ದಳು. ನಿಜವೇ. ಕೂತರೆ ಕಾಲು ಕುಣಿಯುತ್ತಿತ್ತು, ನಿಂತರೆ ಮನಸ್ಸು ಮುಂದಿನ ಬಸ್ಸಿನಲ್ಲಿರುತ್ತಿತ್ತು.

ಒಂದು ದಿನ ಅಪ್ಪ ಏಣಿಯ ಮೇಲೆ ನಿಂತು ಕಣ್ಣಿನ ರೆಪ್ಪೆ ಎಳೆಯುತ್ತಿದ್ದ. ಗೆರೆ ಒಂದಾಗಿ ಬರಲಿಲ್ಲ, ಎರಡಾಯಿತು. ಒರೆಸಿದ, ಮತ್ತೆ ಎಳೆದ, ಮತ್ತೆ ಎರಡು. ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡ. ಆಮೇಲೆ ಆ ನಾಯಕಿಗೆ ಕಪ್ಪು ಕನ್ನಡಕ ಹಾಕಿಬಿಟ್ಟ. ಸಿನಿಮಾದಲ್ಲಿ ಅವಳು ಕನ್ನಡಕ ಹಾಕುವುದೇ ಇಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತು ಎಲ್ಲ ನೋಡಿದೆ. ಒಳಗೆ ಹೋಗಿ ಒಂದೇ ಸಮನೆ ಜೋಳ ಹಸನು ಮಾಡಿದೆ.

ಮುಂದಿನ ಗುರುವಾರದಿಂದ ನಾನು ಸುಳ್ಳು ಕಥೆ ಹೇಳತೊಡಗಿದೆ.

ಅಪ್ಪನ ಕೈಗೆ ಮುಖ ಬರೆಯಲಾಗುತ್ತಿಲ್ಲ, ಆದರೆ ಬೆಂಕಿ ಬರೆಯಬಹುದು. ಹೊಗೆ, ಬೆಟ್ಟ, ಕಡಲು, ಕತ್ತಲಲ್ಲಿ ಬೆನ್ನು ತಿರುಗಿಸಿ ನಿಂತ ಮನುಷ್ಯ. ಇವಕ್ಕೆ ಕೈ ನಡುಗಿದರೂ ನಡೆಯುತ್ತದೆ, ಜ್ವಾಲೆಗೆ ಅದೇ ಚೆಂದ. ಹಾಗಾಗಿ ನಾನು ಹೇಳುವ ಸಿನಿಮಾಗಳಲ್ಲಿ ಎಲ್ಲವೂ ಹೊತ್ತಿ ಉರಿಯತೊಡಗಿತು. ಇಬ್ಬರು ಅಕ್ಕತಂಗಿಯರ ಕಥೆಗೆ ಒಂದು ಕಾಡ್ಗಿಚ್ಚು, ಮುದುಕ ಮೇಷ್ಟ್ರ ಕಥೆಗೆ ಮುಳುಗುವ ಹಡಗು. ಅಪ್ಪ ನಂಬಿದ. ಬ್ಯಾನರುಗಳು ದೂರದಿಂದ ಕಣ್ಣು ಕುಕ್ಕುವಂತಿದ್ದವು, ಸೌಕಾರರೂ ಮೆಚ್ಚಿದರು. ಬೆಂಕಿ ನೋಡಲು ಬಂದ ಜನ ಬೆಂಕಿ ಕಾಣದೆ ಬೈದುಕೊಂಡು ಹೋದರೂ ಮುಂದಿನ ವಾರ ಮತ್ತೆ ಬರುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಅಪ್ಪನ ಕೆಲಸ ಉಳಿಸುತ್ತಿದ್ದೇನೆ ಎಂಬ ಜಂಬ ನನಗಿತ್ತು, ಸಿಕ್ಕಿಬಿದ್ದರೆ ಎಂಬ ಹೆದರಿಕೆಯೂ ಇತ್ತು. ಎರಡೂ ಸೇರಿ ನನ್ನನ್ನು ಒಂದು ಕಡೆ ಕೂರಗೊಡುತ್ತಿರಲಿಲ್ಲ.

ಆಮೇಲೆ ಆ ಹಿಮದ ದೇಶದ ಸಿನಿಮಾ ಬಂತು. ಇಂಗ್ಲಿಷಿನಲ್ಲಿ ಮಾತು ಕೂರಿಸಿದ್ದ ಹಳೆಯ ಪ್ರಿಂಟು. ಕಲ್ಲಿದ್ದಲ ಗಣಿಯೊಳಗೆ ಇಳಿಯುವ ಒಬ್ಬ ಗಂಡ, ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಅವಳು ದಿನಾ ಸಂಜೆ ಮೇಜಿನ ಮೇಲೆ ನಾಲ್ಕು ತಟ್ಟೆ ಇಡುತ್ತಾಳೆ. ಒಂದು ದಿನ ಗಣಿ ಕುಸಿಯುತ್ತದೆ. ಕುಸಿಯುವುದನ್ನು ತೋರಿಸುವುದಿಲ್ಲ, ಕಿಟಕಿಯ ಗಾಜು ಸ್ವಲ್ಪ ಅದುರುತ್ತದೆ, ಅಷ್ಟೇ. ಕೊನೆಗೆ ಅವಳ ಮುಖ ಒಂದನ್ನೇ ತೋರಿಸುತ್ತಾರೆ. ಮಾತಿಲ್ಲ, ಅಳುವಿಲ್ಲ, ಮುಗಿಯಿತೇನೋ ಎಂದುಕೊಂಡ ಮೇಲೂ ಮುಖ ಹೋಗುವುದಿಲ್ಲ. ಕಿಂಡಿಯಲ್ಲಿ ನೋಡುತ್ತಿದ್ದ ನನ್ನ ಕುಣಿಯುವ ಕಾಲು ನಿಂತುಬಿಟ್ಟಿತ್ತು. ಇಡೀ ಸಿನಿಮಾದಲ್ಲಿದ್ದ ಬೆಂಕಿ ಎಂದರೆ ಒಲೆಯ ಬೆಂಕಿ.

ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ: "ಒಂದು ಗುಡ್ಡ ಐತಿ ಅಪ್ಪಾ. ಗುಡ್ಡಕ್ಕ ಬೆಂಕಿ ಹತ್ತತೈತಿ."

ಹೊಸಪೇಟೆಗೆ 'ಬೆಂಕಿ ಬೆಟ್ಟದ ಬೇಟೆ' ಎಂದು ಹೆಸರಿಟ್ಟೆ, ಸಂಡೂರಿಗೆ 'ಜಲ್ತಾ ಪಹಾಡ್', ಕಂಪ್ಲಿಗೆ 'ಮಂಟಲ ಕೊಂಡ'. ಎಲ್ಲಕ್ಕೂ ಒಂದೇ ಅರ್ಥ, ಒಂದೇ ಸುಳ್ಳು.

ಹೊಸಪೇಟೆಯ ವಾರದಲ್ಲಿ ಒಬ್ಬ ವಿದೇಶಿ ಹೆಂಗಸು ಟಾಕೀಸಿನ ಮುಂದೆ ನಿಂತು ಬ್ಯಾನರಿನ ಫೋಟೋ ತೆಗೆಯುತ್ತಾ ಒಬ್ಬಳೇ ನಗುತ್ತಿದ್ದಳು. ಐವತ್ತು ದಾಟಿದವಳು, ಹಂಪಿಯಲ್ಲಿ ಕೋಣೆ ಹಿಡಿದು ಇದ್ದವಳು. ಮೂಲೆಯಲ್ಲಿನ ಇರುವೆ ಸಾಲನ್ನು ಓದಿಬಿಟ್ಟಿದ್ದಳು. ತನ್ನ ಊರಿನ ಟಾಕೀಸಿನಲ್ಲಿ ಇಪ್ಪತ್ತು ವರ್ಷ ಟಿಕೆಟ್ ಕೊಟ್ಟವಳಂತೆ, ಈ ಸಿನಿಮಾ ಅವಳಿಗೆ ಬಾಯಿಪಾಠ. ಬ್ಯಾನರು ನಮ್ಮದೇ ಎಂದು ನಾನು ಹೇಳಿದಾಗ, ಬೆಂಕಿ ಎಲ್ಲಿಂದ ಬಂತು ಎಂದು ಕೇಳಿದಳು. ನನ್ನ ಮುಖ ಕೆಂಪಾಯಿತು. ಅವಳು ನನ್ನ ತೋಳು ತಟ್ಟಿ, ಎಲ್ಲ ದೇಶದಲ್ಲೂ ಹೀಗೇ ಮಾಡುತ್ತಾರೆ, ಹಂಪಿಗೆ ಬಾ, ತೋರಿಸುತ್ತೇನೆ ಎಂದಳು.

ಮುಂದಿನ ಶುಕ್ರವಾರ ಬೆಳಗ್ಗೆ ಮೊದಲ ಬಸ್ಸಿಗೆ ಹಂಪಿಗೆ ಹೋದೆ. ಅವತ್ತು ಸಂಡೂರಿನಲ್ಲಿ ಆ ಸಿನಿಮಾದ ಮೊದಲ ಆಟ. ಹಂಪಿ ಬಜಾರಿನ ಇಂಟರ್ನೆಟ್ ಸೆಂಟರಿನಲ್ಲಿ ಅವಳು ಮೂರು ಕಾಗದ ಮುದ್ರಿಸಿ ಇಟ್ಟಿದ್ದಳು. ಒಂದೇ ಸಿನಿಮಾಕ್ಕೆ ಮೂರು ದೇಶದ ಮೂರು ಪೋಸ್ಟರ್. ಒಂದು ದೇಶದಲ್ಲಿ ಅದರ ಹೆಸರು 'ನಾಲ್ಕನೆಯ ತಟ್ಟೆ', ಚಿತ್ರವೂ ಬರೀ ಒಂದು ಖಾಲಿ ತಟ್ಟೆ. ಇನ್ನೊಂದರಲ್ಲಿ 'ಕೆಳಗಿಳಿದವರು', ಮಸಿ ಮೆತ್ತಿದ ಎರಡು ಕೈ. ಮೂರನೆಯ ದೇಶದವರು 'ಹಿಮದಲ್ಲಿ ಪ್ರೀತಿ' ಎಂದು ಹೆಸರಿಟ್ಟು, ಗಂಡಹೆಂಡತಿಯನ್ನು ಒಂದೇ ಶಾಲಿನಲ್ಲಿ ಸುತ್ತಿ ನಗಿಸಿದ್ದರು. ಸಿನಿಮಾದಲ್ಲಿ ಅವರಿಬ್ಬರು ಒಮ್ಮೆಯೂ ಹಾಗೆ ನಗುವುದಿಲ್ಲ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸಂಡೂರಿಗೊಂದು ಕಂಪ್ಲಿಗೊಂದು ಎಂದು ನಾವು ಮಾಡುವುದನ್ನೇ ಇವರು ದೇಶಕ್ಕೊಂದು ಎಂದು ಮಾಡುತ್ತಾರೆ! ಕಳ್ಳನಿಗೊಂದು ಪಿಳ್ಳೆ ನೆವ. ಕಾಗದಗಳನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಓಡಿದೆ.

ಮನೆಯಲ್ಲಿ ಅಪ್ಪ ಇರಲಿಲ್ಲ.

"ಸಂಡೂರಿಂದ ಫೋನ್ ಬಂದಿತ್ತವಾ," ಅಂದಳು ಅವ್ವ. "ಗಾಳಿಗೆ ಬ್ಯಾನರಿನ ಮೂಲಿ ಹರಿದೈತಂತ. ನೀ ಇದ್ದಿದ್ದಿಲ್ಲ, ನಿಮ್ಮಪ್ಪನೇ ಬ್ರಶ್ಶು ತಗೊಂಡು ಹ್ವಾದ."

ಕೆಂಪು ದೂಳಿಗೆ ಕೆಮ್ಮು ಬರುತ್ತದೆಂದು ಅಪ್ಪ ಸಂಡೂರಿಗೆ ಹೋಗುತ್ತಲೇ ಇರಲಿಲ್ಲ. ಅಂಥ ರಿಪೇರಿಗೆಲ್ಲ ನಾನೇ ಹೋಗುತ್ತಿದ್ದೆ. ಟಾಕೀಸಿನವರು ಇಷ್ಟು ದೂರ ಬಂದ ಅಪ್ಪನನ್ನು ಒಳಗೆ ಕೂರಿಸಿ ಸಿನಿಮಾ ತೋರಿಸದೆ ಕಳಿಸುತ್ತಾರೆಯೇ? ಉಟ್ಟ ಸೀರೆಯಲ್ಲೇ ಬಸ್ ಸ್ಟ್ಯಾಂಡಿಗೆ ಹೊರಟೆ. ಸಂಡೂರಿನ ಬಸ್ಸು ಸಿಕ್ಕಿತು, ಆದರೆ ಘಾಟಿಗೆ ಮೊದಲೇ ನಿಂತಿತು. ಮುಂದೆ ಲಾರಿ, ಹಿಂದೆ ಲಾರಿ, ಎದುರಿಗೂ ಲಾರಿ. ಕಿಟಕಿ ಮುಚ್ಚಿದರೆ ಉಸಿರುಗಟ್ಟುತ್ತಿತ್ತು, ತೆರೆದರೆ ದೂಳು. ಹತ್ತೂವರೆ ಆಯಿತು, ಆಟ ಶುರುವಾಗಿರಬೇಕು. ಹನ್ನೊಂದಾಯಿತು, ಈಗ ನಾಲ್ಕು ತಟ್ಟೆ. ಮೂರು ಸಲ ಬಸ್ಸಿನಿಂದ ಇಳಿದು ಹತ್ತಿದೆ. ಕಂಡಕ್ಟರ್, "ಅಕ್ಕಾರ, ನೀವು ಇಳಿದ್ರ ಲಾರಿ ಸರಿತಾವೇನ್ರಿ? ಕುಂದ್ರಿ ಸುಮ್ನ," ಎಂದು ರೇಗಿದ. ಹನ್ನೊಂದೂವರೆಗೆ ಕಿಟಕಿಯ ಗಾಜು ಅದುರುವ ಹೊತ್ತು ಎಂದು ಲೆಕ್ಕ ಹಾಕಿದೆ. ಅಷ್ಟರಲ್ಲಿ ಬಸ್ಸು ಹೊರಟಿತು, ಆದರೆ ಇನ್ನೇನೂ ಪ್ರಯೋಜನವಿರಲಿಲ್ಲ.

ನಾನು ಹೋಗಿ ಮುಟ್ಟುವಾಗ ಆಟ ಬಿಟ್ಟಿತ್ತು. ಜನ ಬ್ಯಾನರಿಗೆ ಕೈ ತೋರಿಸಿ ಬೈಯುತ್ತಾ ಹೋಗುತ್ತಿದ್ದರು. ಅಪ್ಪ ಟಾಕೀಸಿನ ಮೆಟ್ಟಿಲ ಮೇಲೆ ಕೂತಿದ್ದ, ಬ್ರಶ್ಶಿನ ಚೀಲ ತೊಡೆಯ ಮೇಲಿತ್ತು. ಚೋರನೂರಿನ ಕಡೆಯ ಒಬ್ಬ ಗಣಿ ಕೆಲಸದವನು ಅಪ್ಪನ ಮುಂದೆ ನಿಂತಿದ್ದ. ಅವನಿಗೆ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

"ಇದನ್ನ ಬರದೋರು ನೀವಾ ಏನ್ರಿ? ಗಣಿಗೆ ಹೋಗೋನ ಮನಿ ಕಥಿ ಅಂತ ಬರದಿದ್ರ ನಾನು ನನ್ನ ಹೇಣ್ತಿನೂ ಕರ್ಕಂಡು ಬರ್ತಿದ್ದೆ. ಬೆಂಕಿ ಪಿಚ್ಚರ್ ಅಂದ್ಕಂಡು ಒಬ್ಬನೇ ಬಂದೆ. ಆಕಿ ನೋಡಬೇಕಿತ್ರಿ ಇದನ್ನ."

ಅಪ್ಪ ಅವನಿಗೆ ಕೈ ಮುಗಿದ. ಅವನು ಹೋದ ಮೇಲೆ ನನ್ನನ್ನು ನೋಡಿದ.

"ಆ ಹೆಣ್ಮಗಳ ಮುಖ ಎಷ್ಟೊತ್ತು ತೋರಸ್ತಾರ, ನೀ ನೋಡಿದ್ದಿಲ್ಲೇನು?"

"ನೋಡಿದ್ದೆ."

"ನನಗ ಯಾಕ ಹೇಳಲಿಲ್ಲ?"

ನಾನು ಗಡಿಬಿಡಿಯಿಂದ ಚೀಲಕ್ಕೆ ಕೈ ಹಾಕಿ ಮೂರು ಕಾಗದ ತೆಗೆದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ನೋಡಪ್ಪಾ, ದೊಡ್ಡ ದೊಡ್ಡ ದೇಶದವರೂ ಹೀಗೇ ಮಾಡುತ್ತಾರೆ, ಹೆಸರು ಬದಲಿಸುತ್ತಾರೆ, ಚಿತ್ರ ಬದಲಿಸುತ್ತಾರೆ, ಅಳುವವರನ್ನು ನಗಿಸುತ್ತಾರೆ, ಇದೆಲ್ಲ ಹಂಪಿಯ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಬೇಕಾದರೆ ಯಾವ ಸಿನಿಮಾದ್ದು ಬೇಕಾದರೂ ನೋಡು. ಅಪ್ಪ ಕಾಗದಗಳನ್ನು ಒಂದೊಂದಾಗಿ ನೋಡಿದ. ಅವನ ಕೈಯಲ್ಲಿ ಅವು ಪಟಪಟ ಎಂದು ಅಲುಗುತ್ತಿದ್ದವು. ಅವತ್ತು ಅಲ್ಲಿ ಗಾಳಿ ಇರಲಿಲ್ಲ. ಅದನ್ನು ಇಬ್ಬರೂ ನೋಡಿದೆವು.

"ತಟ್ಟಿ ಬರದಾನಲ್ಲ, ಇವ ಪಿಚ್ಚರ್ ನೋಡ್ಯಾನ. ಈ ಕೈ ಬರದಾನೂ ನೋಡ್ಯಾನ. ನಗಿಸಿದವನೂ ನೋಡೇ ಸುಳ್ಳು ಹೇಳ್ಯಾನ," ಅಂದ ಅಪ್ಪ. "ನಾ ಏನೂ ನೋಡಿದ್ದಿಲ್ಲ. ನಿನ್ನ ಮಾತು ಕೇಳಿ ಬರದೆ."

"ನಿನ್ನ ಕೈ..." ಎಂದೆ.

"ನನ್ನ ಕೈ ನಡಗತೈತಿ ಅಂತ ನನಗ ಗೊತ್ತಿಲ್ಲೇನವಾ? ಬರಿಯೋದೋ ಬಿಡೋದೋ ಅದು ನನಗ ಬಿಟ್ಟದ್ದಿತ್ತು."

ಅಷ್ಟರಲ್ಲಿ ಸೌಕಾರರ ಕಾರು ಬಂತು. ಶುಕ್ರವಾರ ಅವರು ಮೂರೂ ಊರು ಸುತ್ತುತ್ತಿದ್ದರು. ಇಳಿದವರೇ ಅಪ್ಪನ ಕೈಯಲ್ಲಿದ್ದ ಕಾಗದ ನೋಡಿದರು, ತಿರುಗಿಸಿ ಮುರುಗಿಸಿ ನೋಡಿದರು.

"ಇದೇ ಪಿಚ್ಚರಿಂದಾ? ಎಲ್ಲಿ ಸಿಕ್ಕುವು ಇವು?"

ಎರಡು ವರ್ಷ ನೀರು ಕುಡಿದಷ್ಟು ಸಲೀಸಾಗಿ ಸುಳ್ಳು ಹೇಳಿದವಳಿಗೆ ಆಗ ಒಂದು ಸಣ್ಣ ಸುಳ್ಳೂ ಹುಟ್ಟಲಿಲ್ಲ. ಅಪ್ಪನೇ ಹೇಳಿದ: "ಹಂಪ್ಯಾಗ ಇಂಟರ್ನೆಟ್ ಸೆಂಟರಿನ್ಯಾಗ ಸಿಗತಾವಂತ್ರಿ. ಎಲ್ಲಾ ಪಿಚ್ಚರಿಂದೂ."

ಸೌಕಾರರು ಮೂರೂ ಕಾಗದಗಳನ್ನು ನೀಟಾಗಿ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡರು. "ಭಾಳ ಚಲೋ ಆತು. ಕಂಪ್ಲಿ ಬ್ಯಾನರ್ ಬರಿಯೋದು ಬ್ಯಾಡ್ರಿ ಆರ್ಟಿಸ್ಟ್ರ, ನಾ ಫ್ಲೆಕ್ಸ್ ಮಾಡಸ್ತೀನಿ," ಅಂದರು. ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಅಪ್ಪನಿಗೆ ಊಟ ಮಾಡಿಕೊಂಡು ಹೋಗಿ ಎಂದೂ ಹೇಳಿದರು. ಯಾವ ಕೆಲಸ ಉಳಿಸಬೇಕೆಂದು ನಾನು ಎರಡು ವರ್ಷ ಒದ್ದಾಡಿದೆನೋ ಅದನ್ನು ನನ್ನ ಚೀಲದಿಂದಲೇ ತೆಗೆದು ಕಳೆದಿದ್ದೆ. ನನ್ನ ತಪ್ಪು ಮುಚ್ಚಿಕೊಳ್ಳಲು ಹೋಗದಿದ್ದರೆ ಆ ಕಾಗದ ಹೊರಗೇ ಬರುತ್ತಿರಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ಕೆಮ್ಮುತ್ತಾ ಕೂತಿದ್ದ, ನಾನು ಅತ್ತೆ.

ಮರುದಿನ ಅಪ್ಪ ಹೊಸಪೇಟೆಯಿಂದ ಬಂದ ಬ್ಯಾನರಿನ ಬಟ್ಟೆ ಬಿಗಿದ. ಬೆಂಕಿ ಬೆಟ್ಟದ ಮೇಲೆ ಬಣ್ಣ ಬಳಿದು ಮುಚ್ಚಿದ, ಚೌಕ ಗೆರೆ ಹಾಕಿದ. ಯಾರೂ ಹೇಳಿರದ ಕೆಲಸ, ಯಾವ ಊರಿಗೂ ಅಲ್ಲದ ಬ್ಯಾನರು. ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವಳ ಮೂಗು ಹೇಗಿದೆ ಎಂದು ಅವನಿಗೆ ಈಗ ಗೊತ್ತಿತ್ತು. ಮೂರು ದಿನ ಬರೆದ. ಗೆರೆ ಎರಡಾದರೆ ಎರಡಾಗಲು ಬಿಟ್ಟ, ಒರೆಸಲಿಲ್ಲ. ನಾನು ಬಾಗಿಲಲ್ಲಿ ಕೂತು ನೋಡಿದೆ. ಎದ್ದು ಹೋಗಬೇಕು ಅನ್ನಿಸುತ್ತಿತ್ತು, ಪ್ರತಿ ಗೆರೆಗೂ ಅನ್ನಿಸುತ್ತಿತ್ತು, ಆದರೆ ಹೋಗಲಿಲ್ಲ.

ಚೆನ್ನಾಗಿತ್ತು ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಅಪ್ಪನ ಹಳೆಯ ಕಣ್ಣುಗಳ ಮುಂದೆ ಅದು ಏನೂ ಅಲ್ಲ. ಒಂದು ರೆಪ್ಪೆ ಕದಲಿತ್ತು, ತುಟಿಯ ಅಂಚು ಹರಿದಂತಿತ್ತು. ಆದರೆ ಕಿಂಡಿಯಲ್ಲಿ ನಾನು ಕಂಡ ಹೆಂಗಸು ಅವಳೇ.

ಅವ್ವ ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಯಾರಿಕಿ?" ಎಂದು ಕೇಳಿದಳು.

ಅಪ್ಪ ಏಣಿಯಿಂದ ಇಳಿದು, ಮೆಟ್ಟಿಲ ಮೇಲೆ ಅವ್ವನ ಪಕ್ಕ ಕೂತು, ಮೊದಲಿಂದ ಕಥೆ ಹೇಳಿದ. ಗಂಡ ಗಣಿಗೆ ಇಳಿಯುವುದು, ನಾಲ್ಕು ತಟ್ಟೆ, ಗಾಜು ಅದುರಿದ್ದು. ಒಂದು ಮಾತೂ ತಿಳಿಯದ ಭಾಷೆಯ ಸಿನಿಮಾವನ್ನು ಒಂದೂ ತಪ್ಪದೆ ಹೇಳಿದ, ತನ್ನದೊಂದನ್ನೂ ಸೇರಿಸಲಿಲ್ಲ. ಅವ್ವ ಅತ್ತಳು. ಹಿಂದಿನ ಎರಡು ವರ್ಷದ ಬ್ಯಾನರುಗಳೆಲ್ಲ ನನ್ನವು, ಅಪ್ಪ ಕೈ ಮಾತ್ರ ಕೊಟ್ಟಿದ್ದ. ಇದೊಂದನ್ನು ಅಪ್ಪ ಬರೆದ, ಆಮೇಲೆ ಬರೆಯಲಿಲ್ಲ.